ಓಬಳಿಗೆ ಬರೆದ ಟೀ ಕಥೆಗಳು

ಕೂನೂರು ಹತ್ತಿರದ ಟೀ ತೋಟ
೧೪-೬-೧೯೫೩

ಅಕ್ಕ,

ನಾವಿಬ್ಬರೂ ಬೆಟ್ಟ ಹತ್ತಿ ಮನೆ ಸೇರಿದೆವು. ಮೆಟ್ಟುಪಾಳ್ಯದಿಂದ ಮೇಲಕ್ಕೆ ಬರುವ ಪುಟ್ಟ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಓಬಳಿ ಇದ್ದಿದ್ದರೆ ಅದು ಅವಳ ಜಾಗ. ಇವರೂ ಅಲ್ಲಿ ಕೂರಲಿಲ್ಲ, ನಾನೂ ಕೂರಲಿಲ್ಲ.

ಇಲ್ಲಿ ಮಳೆ ಹಿಡಿದಿದೆ. ಬಾಗಿಲು ತೆಗೆದರೆ ಮಂಜು ನೆಂಟರ ಹಾಗೆ ಒಳಗೇ ಬಂದು ಕೂರುತ್ತದೆ. ತೋಟದ ಡಾಕ್ಟರು ಸಿಕ್ಕಿದ್ದರು. 'ಮಗಳನ್ನು ಕೆಳಗೆ ಬಿಟ್ಟು ಬಂದಿರಾ?' ಅಂದರು. 'ನಮ್ಮಕ್ಕನ ಮನೆಯಲ್ಲಿ, ಕೋಲಾರದ ಚಿನ್ನದ ಗಣಿ ಕಡೆ, ಒಣ ಹವೆ' ಅಂದೆ. 'ಒಳ್ಳೆಯದು ಮಾಡಿದಿರಿ. ಇನ್ನೊಂದು ಮಳೆಗಾಲವನ್ನು ಆ ಎದೆ ತಡೆಯುತ್ತಿರಲಿಲ್ಲ' ಅಂದರು. ಒಳ್ಳೆಯದೇ ಮಾಡಿದ್ದೇನೆ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಒಂದು ಮಾತು ಹೇಳಲು ಮರೆತೆ. ಬೆಳಿಗ್ಗೆ ಎದ್ದಾಗ ಅವಳಿಗೆ ಒಂದು ಗುಟುಕು ಟೀ ಬೇಕು. ಮೂರು ವರ್ಷದ ಕೂಸಿಗೆ ಟೀ ಯಾಕೆ ಎಂದು ನನ್ನನ್ನು ಬಯ್ಯಬೇಡ, ಇಲ್ಲಿ ಸೊಪ್ಪು ಕೀಳುವ ಹೆಂಗಸರೆಲ್ಲ ಮಕ್ಕಳಿಗೆ ಕೊಡುತ್ತಾರೆ. ಹಾಲು ಹೆಚ್ಚಾಗಿ ಹಾಕಿ, ತಟ್ಟೆಗೆ ಸುರಿದು ಆರಿಸಿ ಕೊಡು. ಒಂದು ಪೊಟ್ಟಣ ಅಂಚೆಗೆ ಹಾಕಿದ್ದೇನೆ. ಒಳ್ಳೆಯ ಎಲೆಯೆಲ್ಲ ಪೆಟ್ಟಿಗೆಯಲ್ಲಿ ಕೊಚ್ಚಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತದೆ, ಜರಡಿಯ ಅಡಿಯಲ್ಲಿ ಬಿದ್ದ ಪುಡಿ ನಮ್ಮ ಪಾಲಿಗೆ. ಆದರೆ ಕಸುವೆಲ್ಲ ಪುಡಿಯಲ್ಲೇ ಇರುವುದು ಅನ್ನುತ್ತಾರೆ ಇವರು. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಜಯರಾಮಪ್ಪನವರಿಗೆ ಈಗ ಟೀ ಮಷೀನಿನ ಮೇಲೂ ಅಷ್ಟೇ ಅಭಿಮಾನ!

ಮಲಗುವಾಗ ಅವಳು ಕಥೆ ಕೇಳುತ್ತಾಳೆ. ಇದನ್ನು ಹೇಳು. ರಷ್ಯ ಅಂತ ಒಂದು ದೇಶ, ನಮ್ಮ ಬೆಟ್ಟಕ್ಕಿಂತ ಎಷ್ಟೋ ಪಾಲು ಚಳಿ. ಅಲ್ಲಿ ಹಿತ್ತಾಳೆ ಹಂಡೆಯ ಹೊಟ್ಟೆಯೊಳಗೇ ಒಲೆ ಇರುತ್ತದಂತೆ. ಮನೆಯವರೆಲ್ಲ ಅದರ ಸುತ್ತ ಕೂತು, ಸಕ್ಕರೆ ಹರಳನ್ನು ಹಲ್ಲಲ್ಲಿ ಕಚ್ಚಿಕೊಂಡು ಟೀ ಹೀರುತ್ತಾರಂತೆ. ಕೊಚ್ಚಿಯಿಂದ ಟೀ ರುಚಿ ನೋಡಲು ಬರುವ ಸಾಹೇಬರು ಇವರಿಗೆ ಹೇಳಿದ್ದು.

ಸಂಕ್ರಾಂತಿಗೆ ಬಂದು ಕರೆದುಕೊಂಡು ಹೋಗುತ್ತೇವೆ.

ನಿನ್ನ ತಂಗಿ
ಕನಕ


ನಂದಿದುರ್ಗ ಲೈನ್
೨೩-೮-೧೯೫೩

ಕನಕ,

ಓಬಳಿಯ ಕೆಮ್ಮು ಪೂರ್ತಿ ನಿಂತಿದೆ. ಬಂದ ಹೊಸದರಲ್ಲಿ ಯಾರ ಹೆಜ್ಜೆ ಸದ್ದು ಕೇಳಿದರೂ ಬಾಗಿಲ ಕಡೆ ಓಡುತ್ತಿದ್ದಳು. ಈಗ ಓಡುವುದಿಲ್ಲ, ಚಿಂತೆ ಮಾಡಬೇಡ.

ನಿನ್ನ ಟೀ ಪುಡಿ ಕುದಿಯುವ ಹೊತ್ತಿಗೆ ಪಕ್ಕದ ಮನೆ ಕುಪ್ಪುಸ್ವಾಮಿಯ ಹೆಂಡತಿ ವಾಸನೆ ಹಿಡಿದೇ ಬಂದಳು. 'ಅಕ್ಕಾ, ಇದು ಯಾವೂರ್ ಟೀ? ನಮ್ಮ ಅಂಗಡೀದು ಇಂಗೆ ಗಮ್ ಅನ್ನಲ್ವೇ' ಅಂದಳು. ಅವಳಿಗೂ ಒಂದು ಲೋಟ ಕೊಟ್ಟೆ.

ಬೂದಿಕೋಟೆ ಕಡೆಯಿಂದ ಅಪ್ಪ ರಾಗಿ ಹೊತ್ತುಕೊಂಡು ಬಂದಿದ್ದರು. ಟೀ ಅಂದರೆ ಅವರಿಗೆ ಆಗುವುದಿಲ್ಲ ಅಂತ ನಿನಗೆ ಗೊತ್ತಲ್ಲ. 'ಈ ಕಷಾಯ ಕುಡ್ಸಿ ಕೂಸಿನ್ ಒಟ್ಟೆ ಸುಟ್ಟಾಕ್ತೀರಾ' ಎಂದು ನನ್ನನ್ನು ಬೈದರು. ಓಬಳಿ ತನ್ನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅವರ ಬಾಯಿಗೇ ಹಿಡಿದಳು. ತೀರಿಹೋದ ನಮ್ಮಮ್ಮನ ಹೆಸರು ಇಟ್ಟುಕೊಂಡವಳು, ಬೇಡ ಅನ್ನುವುದು ಹೇಗೆ? ಕುಡಿದರು. ಇನ್ನೊಂಚೂರು ಕೊಡು ಅಂದರು.

ನಿನ್ನ ಭಾವ ಗಣಿಯಿಂದ ಮೇಲೆ ಬಂದವರು ಮೈ ತೊಳೆದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾರಿಕುಪ್ಪಂ ಸ್ಟೇಷನ್ನಿಗೆ ರೈಲು ತೋರಿಸಲು ಹೋಗುತ್ತಾರೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ಹಾಡು ಹೇಳಿದ್ದನ್ನು ನಾನು ಈಗಲೇ ಕೇಳಿದ್ದು.

ಸಂಕ್ರಾಂತಿಗೂ ಅಲ್ಲಿ ಚಳಿ ಇರುತ್ತದಲ್ಲವೇ? ಯೋಚನೆ ಮಾಡು.

ನಿನ್ನ
ಅಕ್ಕಯ್ಯ


ಟೀ ತೋಟ
೨-೫-೧೯೫೪

ಅಕ್ಕ,

ಸಂಕ್ರಾಂತಿಗೆ ಬಂದಾಗ ನೀನು 'ಬೇಸಿಗೆ ಬರಲಿ, ಆಮೇಲೆ ಕರ್ಕೊಂಡೋಗು' ಅಂದೆ. ನಾನು ಆಗ ಬಸುರಿ, ಎರಡನ್ನೂ ಇವಳು ಹೇಗೆ ನೋಡಿಕೊಳ್ಳುತ್ತಾಳೆ ಅಂತ ಇವರೂ ಹೂಂ ಅಂದರು. ಈಗ ಆ ಕಾರಣ ಉಳಿದಿಲ್ಲ. ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ. ಗಂಡಾಗಿತ್ತಂತೆ. ಇನ್ನು ಆಗುವುದಿಲ್ಲ ಎಂದು ಕೂನೂರಿನ ಡಾಕ್ಟರಮ್ಮ ಹೇಳಿದರು.

ಸೊಪ್ಪು ಕೀಳುವ ಹೆಂಗಸರು ಕೆಲಸ ಮುಗಿಸಿ ಬುಟ್ಟಿ ಬೆನ್ನಲ್ಲಿಟ್ಟುಕೊಂಡೇ ಬಂದರು. ಒಬ್ಬಳು ನನ್ನ ಒಲೆ ಹಚ್ಚಿ ಹಾಲಿಲ್ಲದ ಟೀ ಕಾಯಿಸಿದಳು, ಬೆಲ್ಲ ಶುಂಠಿ ಹಾಕಿ. ಸಮಾಧಾನದ ಮಾತು ಯಾರೂ ಆಡಲಿಲ್ಲ. ನಾನು ಲೋಟ ಖಾಲಿ ಮಾಡುವ ತನಕ ಯಾರೂ ಏಳಲಿಲ್ಲ. ಈ ಕಡೆ ದುಃಖದ ಮನೆಗೆ ಹೋಗುವುದು ಹೀಗೆ.

ಅಕ್ಕ, ಓಬಳಿಯನ್ನು ಕರೆದುಕೊಂಡು ಹೋಗಲು ಇವರು ಬರುತ್ತಾರೆ. ಅವಳ ಬಟ್ಟೆಗಳನ್ನು ಗಂಟು ಕಟ್ಟಿಡು.

ಕನಕ


ನಂದಿದುರ್ಗ ಲೈನ್
೧೦-೬-೧೯೫೬

ಕನಕ,

ಓಬಳಿಯನ್ನು ಸ್ಕೂಲಿಗೆ ಸೇರಿಸಿದೆವು. ನಿನಗೆ ಮೊದಲೇ ಬರೆದು ಕೇಳಬೇಕಿತ್ತು. ಆದರೆ ಕನಕ, ಆ ವರ್ಷ ನೀವು ಅವಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಮಳೆ ಶುರುವಾಗುತ್ತಲೇ ಎದೆ ಗೊರಗೊರ ಅಂದು, ಕಂಬಳಿಯಲ್ಲಿ ಸುತ್ತಿ ಮತ್ತೆ ನನ್ನ ಮಡಿಲಿಗೇ ತಂದು ಹಾಕಿದಿರಲ್ಲ, ಆಗಿನಿಂದ ಇವಳು ಎಲ್ಲಿಯವಳು ಎನ್ನುವುದನ್ನು ನಾನು ಯೋಚಿಸುವುದನ್ನೇ ಬಿಟ್ಟೆ.

ಹೆಡ್‌ಮೇಷ್ಟ್ರು ತಂದೆಯ ಹೆಸರು ಕೇಳಿದರು. ನಿನ್ನ ಭಾವ ಬಾಯಿ ತೆರೆಯುವ ಮುಂಚೆಯೇ ನಾನು ಇವರ ಹೆಸರು ಕೊಟ್ಟು, 'ಮುನಿಸ್ವಾಮಪ್ಪ' ಅಂದೆ. ಬರೆದುಕೊಂಡರು. ವಾಪಸು ಬರುವಾಗ ದಾರಿಯಲ್ಲಿ ಇವರು, 'ಜಯರಾಮಪ್ಪನ್ ಎಸ್ರು ಅಳ್ಸಾಕ್ಬುಟ್ಟೆ ಕಣಮ್ಮಿ' ಅಂದರು.

ಇನ್ನೊಂದು. ಗಣಿ ಲೈನಿನ ಮನೆಗಳ ಮಕ್ಕಳೆಲ್ಲ ತಮ್ಮ ತಾಯಂದಿರನ್ನು ಕೂಗುವುದನ್ನು ಕೇಳಿ ಕೇಳಿ ಇವಳೂ ನನ್ನನ್ನು ದೊಡ್ಡಮ್ಮ ಅನ್ನುವುದು ಬಿಟ್ಟು ಅಮ್ಮ ಅನ್ನುತ್ತಿದ್ದಾಳೆ. ನಾನು ತಿದ್ದಲಿಲ್ಲ. ಬೈಯಬೇಕು ಅನ್ನಿಸಿದರೆ ಬೈಯಿ.

ಅಕ್ಕಯ್ಯ


ಟೀ ತೋಟ
೧-೭-೧೯೫೬

ಅಕ್ಕ,

ಬೈಯುವುದಿಲ್ಲ. ಕಾಗದವನ್ನು ಇವರಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಎದ್ದು, ರಜದ ದಿನವಾದರೂ ಫ್ಯಾಕ್ಟರಿಗೆ ಹೋದರು.

ಈ ಸಲದ ಕಥೆ ಚೀನಾದ್ದು. ಟೀ ಹುಟ್ಟಿದ್ದೇ ಅಲ್ಲಿ. ಟೀ ಗಿಡವನ್ನು ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದಿಲ್ಲ ಎಂದು ಅಲ್ಲಿನವರು ಹಿಂದೆ ನಂಬಿದ್ದರಂತೆ. ಬೀಜ ಬಿದ್ದ ಕಡೆಯೇ ಬೆಳೆಯಬೇಕು. ಇವರಿಗೆ ಹೇಳಿದರೆ ನಕ್ಕರು. ನಮ್ಮ ತೋಟದಲ್ಲಿ ವರ್ಷವೂ ಪಾತಿಯಿಂದ ಕಿತ್ತು ನೆಡುತ್ತಾರೆ, ಚೆನ್ನಾಗಿಯೇ ಚಿಗುರುತ್ತವೆ ಅಂದರು. ಅದನ್ನೂ ಅವಳಿಗೆ ಹೇಳು.

ಟಿಬೆಟ್ಟಿನ ಕಥೆಯನ್ನೂ ಹೇಳು. ಅಲ್ಲಿ ಟೀ ಎಲೆಯನ್ನು ಇಟ್ಟಿಗೆಯ ಹಾಗೆ ಅಚ್ಚು ಹಾಕಿ, ಹಿಮದ ಬೆಟ್ಟಗಳ ಮೇಲೆ ಹೊತ್ತು ತರುತ್ತಾರೆ. ಸಕ್ಕರೆ ಇಲ್ಲ. ಬೆಣ್ಣೆ, ಉಪ್ಪು ಹಾಕಿ ಕಡೆದು ಕುಡಿಯುತ್ತಾರೆ.

ಕಥೆ ಹೇಳುವಾಗ 'ಬೆಟ್ಟದ ಚಿಕ್ಕಮ್ಮ ಬರೆದದ್ದು' ಅನ್ನು. ಅಷ್ಟಾದರೂ ಹೇಳು.

ಕನಕ


ನಂದಿದುರ್ಗ ಲೈನ್
೧೯-೪-೧೯೫೯

ನಾದಿನಿ ಕನಕಮ್ಮನಿಗೆ,

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಓಬಳಿಗೆ ಒಂಬತ್ತು ತುಂಬಿತು. ಎದೆ ಗಟ್ಟಿಯಾಗಿದೆ. ಆಸ್ಪತ್ರೆಯ ಡಾಕ್ಟರಿಗೂ ತೋರಿಸಿದೆ, ಇನ್ನು ಬೆಟ್ಟವಾದರೂ ಸರಿ ಬಯಲಾದರೂ ಸರಿ ಅಂದರು. ಈ ಬೇಸಿಗೆ ರಜಕ್ಕೆ ನಾನೇ ಕರೆದುಕೊಂಡು ಬಂದು ನಿನ್ನ ಹತ್ತಿರ ಬಿಡುತ್ತೇನೆ. ಪರರ ಕೂಸನ್ನು ಇಟ್ಟುಕೊಂಡಿದ್ದೇವೆ ಅನ್ನಿಸಿ ನನಗೆ ನೆಮ್ಮದಿ ಇಲ್ಲ. ನಿಮ್ಮಕ್ಕನಿಗೆ ಹೇಳಿದೆ. ಊಟ ಬಿಟ್ಟು ಕೂತಿದ್ದಾಳೆ. ಅಳಲಿ, ಅತ್ತು ಸರಿಹೋಗುತ್ತಾಳೆ.

ಉಪ್ಪಿನ ಟೀ ಕಥೆಯನ್ನು ಓಬಳಿ ನನಗೆ ಹೇಳಿದಳು. ನಾನು ನಂಬಲಿಲ್ಲ. ಒಂದು ದಿನ ಬೆಣ್ಣೆ ಉಪ್ಪು ಹಾಕಿ ಮಾಡಿ, ಮೂಗು ಹಿಡಿದು ಕುಡಿಸಿಯೇಬಿಟ್ಟಳು. ಇಂಥವಳಿಲ್ಲದೆ ಮನೆ ಹೇಗಿರುತ್ತದೋ ಗೊತ್ತಿಲ್ಲ. ಆದರೂ ಕರೆತರುತ್ತೇನೆ.

ಜಯರಾಮಪ್ಪನಿಗೆ ಹೇಳು, ಫ್ಯಾಕ್ಟರಿ ನನಗೆ ತೋರಿಸಬೇಕು. ಇಷ್ಟು ವರ್ಷ ಭೂಮಿಯ ಒಳಗೇ ಕೆಲಸ ಮಾಡಿದೆ. ಬೆಳಕಿನಲ್ಲಿ ಬೆಳೆಯುವುದನ್ನು ಹೇಗೆ ಮಾಡುತ್ತಾರೆ ನೋಡಬೇಕು.

ಮುನಿಸ್ವಾಮಪ್ಪ


ನಂದಿದುರ್ಗ ಲೈನ್
೧೨-೫-೧೯೫೯

ಕನಕ,

ತಂತಿ ಸೇರಿರಬೇಕು. ಅದರಲ್ಲಿ ನಿನ್ನ ಭಾವ ಹೋದರು ಅಂತಷ್ಟೇ ಕೊಡಿಸಿದ್ದೆವು. ಹೇಗೆ ಅಂತ ನಿನಗೆ ಬರೆಯಬೇಕು.

ಮಾರಿಕುಪ್ಪಂ ಗಾಡಿಯಲ್ಲಿ ಇಬ್ಬರೂ ಹೊರಟರು. ನಾನು ಸ್ಟೇಷನ್ನಿಗೆ ಹೋಗಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು ಜೋಲಾರಪೇಟೆ ಗಾಡಿಗೆ ಕಾದಿದ್ದಾರೆ. ಪ್ಲಾಟ್‌ಫಾರಮ್ಮಿನಲ್ಲಿ ಟೀ ಅಂಗಡಿ ಇಟ್ಟಿರುವ ಕೋದಂಡಪ್ಪ ಇವರ ಹಳೆಯ ಸ್ನೇಹಿತ, ಅವರೇ ಬಂದು ನನಗೆ ಎಲ್ಲ ಹೇಳಿದ್ದು. ಇಬ್ಬರೂ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಟೀ ಕುಡಿದರಂತೆ.

'ಅಪ್ಪ, ನಾವು ಯಾರ್ ಮನೆಗ್ ಓಗ್ತಿರೋದು?' ಎಂದು ಓಬಳಿ ಕೇಳಿದಳಂತೆ.

'ನಿಮ್ಮಮ್ಮನ ಮನೆಗೆ ಕಣಮ್ಮಣ್ಣಿ.'

'ಅಮ್ಮ ಮನೇಲೇ ಅವ್ಳಲ್ಲ?'

'ಸಾಕ್ದೋಳು ಮನೇಲವ್ಳೆ. ನೀನು ಉಟ್ಟಿದ್ದು ಬೆಟ್ಟದಮ್ಮನ ಒಟ್ಟೇಲಿ.'

ಅವಳು ಲೋಟವನ್ನೇ ನೋಡುತ್ತಿದ್ದಳಂತೆ. ಸ್ವಲ್ಪ ಹೊತ್ತಿಗೆ ಇವರು ಎದೆ ಒತ್ತಿಕೊಂಡು, 'ಕೋದಂಡಪ್ಪ, ಯಾಕೋ ಇಡ್ಕೊಂಡಂಗಾಯ್ತದೆ, ಕೂಸ್ನ ನೋಡ್ಕೊ' ಅಂದರಂತೆ. ಹಾಗೇ ಒರಗಿದರು. ಗಾಡಿ ಬಂತು, ನಿಂತಿತು, ಹೋಯಿತು.

ಕೋದಂಡಪ್ಪ ಅಂಗಡಿ ಮುಚ್ಚಿ, ಅವಳ ಕೈ ಬಿಡದೆ ಹಿಡಿದುಕೊಂಡು ಇವರ ದೇಹದ ಜತೆ ಮನೆ ತನಕ ಬಂದರು. ಓಬಳಿ ನನ್ನ ಸೊಂಟ ತಬ್ಬಿಕೊಂಡು ಹೇಳಿದ್ದನ್ನು ನಿನಗೆ ಬರೆಯಬಾರದು ಅಂದುಕೊಂಡೆ, ಬರೆಯುತ್ತಿದ್ದೇನೆ. 'ನಾನ್ ಇನ್ನೆಲ್ಗೂ ಓಗಲ್ಲಮ್ಮ. ನಾನ್ ಮನೆ ಬಿಟ್ಟು ಒಂಟಿದ್ದಕ್ಕೇ ಅಪ್ಪ ಸತ್ತೋಯ್ತು.'

ತಿಥಿಗೆ ಬನ್ನಿ.

ಅಕ್ಕಯ್ಯ


ಟೀ ತೋಟ
೮-೬-೧೯೫೯

ಅಕ್ಕ,

ಭಾವನ ತಿಥಿಗೆ ಬರುವಾಗ ನಾನು ಅವಳಿಗೆ ಉಣ್ಣೆಯ ಸ್ವೆಟರ್ ತಂದಿದ್ದೆ. ಯಾಕೆ ತಂದಿದ್ದೆ ಅಂತ ನಿನಗೆ ಗೊತ್ತಾಯಿತು, ಅದಕ್ಕೇ ನೀನು ಅದನ್ನು ನೋಡಿ ಬೇರೆ ಕಡೆ ತಿರುಗಿದೆ. ಅದು ಅಲ್ಲೇ ಇರಲಿ. ಆ ಸೆಕೆಯ ಊರಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾರಿಗಾದರೂ ಕೊಡು.

ನೀನು ಮೂಲೆಯಲ್ಲಿ ಕೂತಿದ್ದೆ. ಮನೆಯ ತುಂಬ ಜನ. ಓಬಳಿ ನನಗೆ ಟೀ ತಂದುಕೊಟ್ಟಳು, 'ತಗೊಳ್ಳಿ ಚಿಕ್ಕಮ್ಮ' ಅಂದಳು. ನಿನಗೆ 'ನೀನು, ಬಾ, ಕೊಡು'. ನನಗೆ 'ತಗೊಳ್ಳಿ'. ನೆಂಟರಿಗೆ ಹೇಗೆ ಕೊಡಬೇಕೋ ಹಾಗೆ ಎರಡು ಕೈಯಲ್ಲಿ ಕೊಟ್ಟು, ನಾನು ಕುಡಿಯುವ ತನಕ ಬಾಗಿಲಲ್ಲಿ ನಿಂತಿದ್ದು, ಲೋಟ ತೆಗೆದುಕೊಂಡು ಹೋದಳು. ಒಳ್ಳೆಯ ಹದ. ಚೆನ್ನಾಗಿ ಕಲಿಸಿದ್ದೀ.

ಅವಳಿಗೆ ಎಲ್ಲ ಗೊತ್ತಿದೆ ಅಕ್ಕ. ಗೊತ್ತಿದ್ದೇ ಹಾಗೆ ಕರೆದಳು. ಒಂಬತ್ತು ವರ್ಷದವಳು ನಿನ್ನ ಪಕ್ಕ ನಿಲ್ಲಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದಾಳೆ. ನಿನ್ನನ್ನು ಆ ಮೂಲೆಯಲ್ಲಿ ಒಬ್ಬಳೇ ಬಿಟ್ಟು ಅವಳ ಕೈ ಹಿಡಿದು ಎಳೆದುಕೊಂಡು ಬರಲು ನನ್ನಿಂದ ಆಗಲಿಲ್ಲ. ಇನ್ನು ಅವಳನ್ನು ಕೊಡು ಅಂತ ನಾನು ಕೇಳುವುದಿಲ್ಲ. ಇದನ್ನು ಕೋಪದಿಂದ ಬರೆಯುತ್ತಿಲ್ಲ.

ಗಣಿಯವರ ಲೈನಿನ ಮನೆ ಬಿಡಬೇಕಾದಾಗ ಬರೆ. ಇಲ್ಲಿಗೆ ಬಂದರೆ ಇಬ್ಬರಿಗೂ ಜಾಗ ಇದೆ. ಬರುವುದಿಲ್ಲ ಅಂತಲೂ ಗೊತ್ತು. ಪುಡಿ ಮಾತ್ರ ಕಳಿಸುತ್ತಿರುತ್ತೇನೆ.

ಕನಕ


ಬಂಗಾರಪೇಟೆ
೫-೩-೧೯೬೭

ಕನಕ,

ಓಬಳಿಗೆ ಗಂಡು ಗೊತ್ತಾಯಿತು. ಮುಳಬಾಗಿಲು ಕಡೆಯವರು. ಹುಡುಗ ಆದಿನಾರಾಯಣ, ಹೊಲವಿದೆ, ನಾ‌ಲ್ಕು ಹಸು ಕಟ್ಟಿದ್ದಾರೆ. ತಾಯಿ ಮುನಿನಾರಾಯಣಮ್ಮ ಗಟ್ಟಿ ಹೆಂಗಸು, ಆದರೆ ಕೆಟ್ಟವರಲ್ಲ.

ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಬಂದವರಿಗೆ ಪಾನಕ ಕೊಡುತ್ತಿದ್ದೆವು. ಈಗ ಟೀ ಇಲ್ಲದಿದ್ದರೆ ಮರ್ಯಾದೆ ಇಲ್ಲ. ಓಬಳಿ ತಂದುಕೊಟ್ಟಳು. ಮುನಿನಾರಾಯಣಮ್ಮ ಒಂದು ಗುಟುಕು ಕುಡಿದು, 'ಯಾವಂಗ್ಡಿ ಪುಡಿ ಅಮ್ಮ ಇದು?' ಅಂದರು. 'ಅಂಗ್ಡೀದಲ್ಲ. ನಮ್ಮ ಬೆಟ್ಟದ ಚಿಕ್ಕಮ್ಮ ಕಳ್ಸೋದು' ಅಂದಳು ಓಬಳಿ.

ಲೈನಿನ ಮನೆ ಬಿಟ್ಟು ಈ ಊರಿಗೆ ಬಂದ ಮೇಲೆ ಕೋದಂಡಪ್ಪನವರ ಅಂಗಡಿಗೆ ವಡೆ ಮಾಡಿಕೊಟ್ಟುಕೊಂಡು ಅವಳನ್ನು ಇಲ್ಲಿಯ ತನಕ ತಂದೆ. ಕೊರತೆ ಮಾಡಿಲ್ಲ ಅಂದುಕೊಂಡಿದ್ದೇನೆ. ಈಗ ಒಂದು ವಿಷಯದಲ್ಲಿ ಮಾತು ನಿಂತುಹೋಗಿದೆ. ಗಂಡ ಹೋದವಳು ಧಾರೆಗೆ ಕೂರುವಂತಿಲ್ಲ. ಗಂಡಿನವರು, 'ಎಣ್ಣಿನ ಕಡೆ ಯಾರು ಕೂತ್ಕೊಳ್ಳೋದು?' ಎಂದು ಕೇಳಿದರು. ಓಬಳಿಯೇ ಒಳಗಿನಿಂದ, 'ಚಿಕ್ಕಮ್ಮ ಚಿಕ್ಕಪ್ಪ ಕೂತ್ಕೊತಾರೆ' ಅಂದಳು.

ಇಷ್ಟು ವರ್ಷ ಕೊಡದೆ ಇಟ್ಟುಕೊಂಡವಳನ್ನು ಈಗ ಬಂದು ಬೇರೆಯವರಿಗೆ ಕೊಟ್ಟು ಹೋಗು ಅಂತ ನಿನ್ನನ್ನು ಕೇಳುತ್ತಿದ್ದೇನೆ. ಬರುತ್ತೀಯಾ?

ಅಕ್ಕಯ್ಯ


ಟೀ ತೋಟ
೨೦-೮-೧೯೬೭

ಓಬಳಿ,

ನಿನ್ನ ಕಾಗದ ಬಂತು. ಚಿಕ್ಕಪ್ಪ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಫ್ಯಾಕ್ಟರಿಗೆ ಹೋಗಿದ್ದಾರೆ. ನಿನ್ನ ಅಕ್ಷರ ಇಷ್ಟು ದುಂಡಗೆ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮದುವೆಯ ದಿನ ನೀನು ಹೊರಡುವಾಗ ಬಂಡಿ ಹತ್ತುವ ಮುಂಚೆ ನನ್ನ ಕಿವಿಯಲ್ಲಿ, 'ಚಿಕ್ಕಮ್ಮ, ಅಮ್ಮನ್ನ ಒಬ್ಳೇ ಬಿಡ್ಬೇಡ, ನಿನ್ ಜತೇಲ್ ಕರ್ಕೊಂಡೋಗು' ಅಂದೆಯಲ್ಲ, ಹಾಗೆಯೇ ಮಾಡಿದ್ದೇನೆ. ಮೊದಲು ಒಪ್ಪಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆ ಬೆಂಚಿನ ಹತ್ತಿರ ನಿಂತುಬಿಟ್ಟಳು. ಕೋದಂಡಪ್ಪನವರೇ, 'ಓಗಮ್ಮಯ್ಯ, ತಂಗಿ ಕರೀತಾವ್ಳೆ' ಎಂದು ಗಂಟನ್ನು ಒಳಗಿಟ್ಟರು. ಈಗ ಇಲ್ಲಿ ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದಾಳೆ. ಚಳಿಯನ್ನು ದಿನವೂ ಬೈಯುತ್ತಾಳೆ. 'ಇಂಥ ಕಡೆ ಕೂಸು ಎಂಗ್ ಬದುಕ್ತಿತ್ತು' ಅಂತ ಒಂದು ದಿನ ಅಂದಳು. ನಾನು 'ಬದುಕುತ್ತಿರಲಿಲ್ಲ ಅಕ್ಕ' ಅಂದೆ. ಆಮೇಲೆ ಇಬ್ಬರೂ ಬಹಳ ಹೊತ್ತು ಅತ್ತೆವು. ನೀನು ಹೆದರಬೇಡ, ಈಗ ಚೆನ್ನಾಗಿದ್ದೇವೆ.

ನಿನಗೆ ಹೇಳದೆ ಉಳಿದದ್ದು ಒಂದು ಚೀನಾ ಕಥೆ. ಯುದ್ಧವಾದ ಮೇಲೆ ಆ ದೇಶದ ಹೆಸರೆತ್ತಿದರೆ ಜನ ಮುಖ ಸಿಂಡರಿಸುತ್ತಾರೆ, ಅದಕ್ಕೇ ಬರೆದಿರಲಿಲ್ಲ. ಅಲ್ಲಿ ಮದುವೆಯ ದಿನ ಹೆಣ್ಣು ಹಿರಿಯರ ಮುಂದೆ ಮಂಡಿಯೂರಿ ಒಬ್ಬೊಬ್ಬರಿಗೂ ಟೀ ಕೊಡುತ್ತಾಳಂತೆ. ಕೊಡುವಾಗ ಅಪ್ಪ, ಅಮ್ಮ, ಅತ್ತೆ, ಮಾವ ಎಂದು ಬಾಯಿ ತುಂಬ ಕರೆಯುತ್ತಾಳೆ. ಅವರು ಕುಡಿದರೆ ಸಂಬಂಧ ನಿಂತ ಹಾಗೆ.

ನಮ್ಮಲ್ಲಿ ಧಾರೆಯ ನೀರು. ನನ್ನ ಕೈಯಿಂದ ಅದು ನಿನ್ನ ಕೈ ಮೇಲೆ ಬೀಳುವಾಗ ನಿನ್ನ ಅಮ್ಮ ಮಂಟಪಕ್ಕೆ ಬಾರದೆ ಅಡಿಗೆಮನೆಯಲ್ಲಿ ಬೀಗರಿಗೆಲ್ಲ ಟೀ ಕಾಯಿಸುತ್ತಿದ್ದಳು. ಕುದಿಯುವ ವಾಸನೆ ನಮ್ಮ ತನಕ ಬಂತು. 'ಇತ್ತ ನೋಡಿ ತಾಯಿ' ಅಂದರು ಪುರೋಹಿತರು. ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ನೀನೂ ಅಲ್ಲಿಗೇ ನೋಡುತ್ತಿದ್ದೆ.

ಕಾಗದದ ಕೊನೆಯಲ್ಲಿ ಒಂದು ಮಾತು ಕೇಳಿದ್ದೀ. 'ನಿಮ್ ಚಿಕ್ಕಮ್ಮಂಗೆ ಮಕ್ಕಳಿಲ್ವಾ' ಎಂದು ನಿಮ್ಮ ಅತ್ತೆ ವಿಚಾರಿಸಿದರು, ಏನು ಹೇಳಲಿ ಅಂತ. ಆ ಸಾಲನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೀ. ನಾನು ನೋಡಿದೆ. ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು, 'ನೀನೇ ಬರಿ ಕನಕ, ನಿಂಗೆ ಸರಿ ಕಂಡಂಗೆ' ಅಂದಳು.

ಒಬ್ಬಳು ಮಗಳಿದ್ದಾಳೆ, ಮದುವೆ ಮಾಡಿ ಕೊಟ್ಟಿದ್ದಾರೆ, ಅಂತ ಹೇಳು.

ನಿನ್ನ ಚಿಕ್ಕಮ್ಮ
ಕನಕ